ನೆನೆಸಿ ತೆಗಿ

ಜೂನ್ 3

ಅಕ್ಕಾ,

ಒಂದು ನಾಯಿಮರಿಯನ್ನು ಮನೆಗೆ ತಂದಿದ್ದೇನೆ. ನಗಬೇಡ. ನಗುವುದಾದರೆ ಪೂರ್ತಿ ಓದಿ ಆಮೇಲೆ ನಗು, ಯಾಕೆಂದರೆ ನಿನ್ನಿಂದ ನನಗೆ ತುರ್ತಾಗಿ ಒಂದು ವಿಷಯ ಗೊತ್ತಾಗಬೇಕಿದೆ.

ಊರಾಚೆಯ ಪ್ರಾಣಿ ಆಶ್ರಯದಿಂದ ನಿನ್ನೆ ತಂದದ್ದು. ಹೆಣ್ಣು. ನಾಲ್ಕು ತಿಂಗಳಿರಬಹುದು ಎಂದರು. ಹೆಸರಿಲ್ಲ, ಅದಿದ್ದ ಗೂಡಿನ ನಂಬರು ನಲವತ್ತೊಂದು. ಚಿಕ್ಕದಿದ್ದಾಗ ಯಾರೋ ಅದರ ಕೊರಳಿಗೆ ಪ್ಲಾಸ್ಟಿಕ್ ಹಗ್ಗ ಕಟ್ಟಿದ್ದಾರೆ. ಮರಿ ಬೆಳೆಯಿತು, ಹಗ್ಗ ಬೆಳೆಯಲಿಲ್ಲ. ಬೀದಿಯಲ್ಲಿ ಸಿಕ್ಕಾಗ ಹಗ್ಗ ಕಾಣುತ್ತಲೇ ಇರಲಿಲ್ಲವಂತೆ, ಅದರ ಮೇಲೆ ಚರ್ಮ ಕೂಡಿಕೊಂಡಿತ್ತು. ಡಾಕ್ಟರು ಕೊಯ್ದು ತೆಗೆದಿದ್ದಾರೆ. ಈಗ ಕುತ್ತಿಗೆಯ ಸುತ್ತ ಎರಡು ಬೆರಳಗಲ ಹಸಿ ಗಾಯ, ಅದರ ಮೇಲೆ ಬ್ಯಾಂಡೇಜು. ದಿನಕ್ಕೆ ಎರಡು ಸಲ ಬಿಚ್ಚಿ, ತೊಳೆದು, ಔಷಧಿ ಹಾಕಿ, ಹೊಸದು ಸುತ್ತಬೇಕೆಂದು ಒಂದು ಚೀಟಿ ಕೊಟ್ಟಿದ್ದಾರೆ. ಹೇಗೆ ಬಿಚ್ಚಬೇಕೆಂದು ಚೀಟಿಯಲ್ಲಿಲ್ಲ. ಇವತ್ತು ಬೆಳಿಗ್ಗೆ ಎಳೆದೆ. ಅದು ಕಿರುಚಿದ ರಭಸಕ್ಕೆ ಕೆಳಗಿನ ಮನೆಯ ಓನರಮ್ಮ ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲಿ ನಿಂತು, ಸೆರಗು ಮೂಗಿಗೆ ಒತ್ತಿಕೊಂಡು ಇಳಿದು ಹೋದರು.

ನೀನು ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನಲ್ಲಿ ದಿನಕ್ಕೆ ಮೂವತ್ತು ಗಾಯ ತೊಳೆಯುವವಳು. ಹೇಗೆ ಮಾಡಬೇಕು ಬರೆ. ಫೋನು ಮಾಡಬಹುದಿತ್ತು, ಆದರೆ ಫೋನಿನಲ್ಲಿ ನಾನು ‘ಹೂಂ’ ಬಿಟ್ಟು ಬೇರೇನೂ ಆಡುವುದಿಲ್ಲವೆಂದು ಈ ಪತ್ರದ ಕಾನೂನು ಮಾಡಿದವಳು ನೀನೇ.

ಮೂವತ್ತು ದಿನ ಪರೀಕ್ಷೆಯ ಅವಧಿಯಂತೆ. ಜುಲೈ ಎರಡಕ್ಕೆ ಕರೆದೊಯ್ದು ತೋರಿಸಬೇಕು. ಅವತ್ತು ಇಟ್ಟುಕೊಳ್ಳುತ್ತೇನೆ ಎಂದಾದರೂ ಬರೆದುಕೊಡಬಹುದು, ವಾಪಸು ಕೊಡುತ್ತೇನೆ ಎಂದಾದರೂ ಬರೆದುಕೊಡಬಹುದು.

ಪ್ರೆಸ್ಸಿನಲ್ಲಿ ಎಲ್ಲರೂ ನನ್ನನ್ನು ತುಂಬ ಹೊಗಳುತ್ತಿದ್ದಾರೆ.

ನಿನ್ನ ತಂಗಿ


ಜೂನ್ 6

ಮೂಗಿ,

ತುರ್ತು ಅಂತ ಬರೆದು ಅಂಚೆ ಡಬ್ಬಕ್ಕೆ ಹಾಕೋಳು ಪ್ರಪಂಚದಲ್ಲಿ ನೀನೊಬ್ಬಳೇ ಇರಬೇಕು. ಇದು ನಿನ್ನ ಕೈಗೆ ಸಿಗೋ ಹೊತ್ತಿಗೆ ಆ ಬಡಪಾಯಿಗೆ ಕುತ್ತಿಗೆ ಉಳಿದಿರುತ್ತೋ ಇಲ್ವೋ.

ಸರಿಯಾಗಿ ಓದು. ಒಣಗಿದ ಬ್ಯಾಂಡೇಜನ್ನ ಯಾವತ್ತೂ ಎಳೀಬಾರದು. ಗಾಯದ ನೀರು ಬಟ್ಟೆಗೆ ಅಂಟಿ ಒಣಗಿರುತ್ತೆ. ಎಳೆದ್ರೆ ಹೊಸದಾಗಿ ಬಂದ ಚರ್ಮವೂ ಅದರ ಜೊತೆ ಕಿತ್ತು ಬರುತ್ತೆ, ಮತ್ತೆ ಮೊದಲಿಂದ ಶುರು. ನೆನೆಸಿ ತೆಗಿ. ಒಂದು ಲೀಟರ್ ನೀರು ಕುದಿಸಿ, ಎರಡು ಚಿಕ್ಕ ಚಮಚ ಉಪ್ಪು ಹಾಕಿ, ಉಗುರು ಬೆಚ್ಚಗಾಗೋವರೆಗೆ ಆರಿಸು. ಹತ್ತಿಯಲ್ಲಿ ಅದ್ದಿ ಬ್ಯಾಂಡೇಜಿನ ಮೇಲೆ ಹಿಂಡು. ಹತ್ತು ನಿಮಿಷ ಕಾಯಿ. ತಾನಾಗೇ ಬಿಡುತ್ತೆ. ಬಿಡದಿದ್ರೆ ಇನ್ನೂ ಹತ್ತು ನಿಮಿಷ ಕಾಯಿ. ನಮ್ಮಲ್ಲಿಗೆ ಹೊಸದಾಗಿ ಬರೋ ಹುಡುಗಿಯರಿಗೆ ಮೊದಲನೇ ದಿನ ನಾನು ಹೇಳಿಕೊಡೋದು ಇದೊಂದೇ. ಅರ್ಧ ಜನಕ್ಕೆ ಇದೊಂದೇ ಬರಲ್ಲ.

ಗಾಯವನ್ನ ಒಳಗಿಂದ ಹೊರಕ್ಕೆ ಒರೆಸು. ಒಂದು ತುಂಡು ಹತ್ತಿ ಒಂದೇ ಸಲ. ಕೆಂಪಿದ್ರೆ ಒಳ್ಳೇದು. ಹಸಿರು ಬಂದು ವಾಸನೆ ಹೊಡೆದ್ರೆ ಡಾಕ್ಟರ ಹತ್ರ ಓಡು. ಬೆಳ್ಳಗೆ ಏನಾದರೂ ಅಲ್ಲಾಡಿದ್ರೆ ಅದು ಹುಳ. ಚೀಟಿ ಜೊತೆ ಎಣ್ಣೆ ಕೊಟ್ಟಿರ್ತಾರೆ, ಎರಡು ಹನಿ ಬಿಡು, ಹೊರಗೆ ಬರ್ತವೆ. ಚಿಮುಟದಲ್ಲಿ ತೆಗಿ. ಕಿರುಚಬೇಡ.

ಅಲ್ಲ ಕಣೇ, ನೀನಾ? ಜಿರಲೆ ಸತ್ತು ಬಿದ್ದಿದ್ರೆ ಅದರ ಮೇಲೊಂದು ನಿಘಂಟು ಬೋರಲು ಹಾಕಿ, ನಾನು ಬಂದು ಎತ್ತಲಿ ಅಂತ ಮೂರು ದಿನ ಕಾದಿದ್ದವಳು? ಮಾತಾಡಲ್ಲ ಅಂತ ಮೂಗಿ, ಎಲ್ಲದಕ್ಕೂ ಮೂಗು ಮುಚ್ಚಿಕೊಳ್ತಾಳೆ ಅಂತಲೂ ಮೂಗಿ. ಒಂದೇ ಹೆಸರಲ್ಲಿ ಎರಡು ಕೆಲಸ ಮುಗಿಸಿದ್ವಿ ಅಂತ ಅಪ್ಪ ನಗ್ತಿದ್ರು. ಅಷ್ಟೊಂದು ಪ್ರೀತಿ ಈಗ ಎಲ್ಲಿಂದ ಉಕ್ಕಿತು?

ಅಕ್ಕ


ಜೂನ್ 10

ಅಕ್ಕಾ,

ನೀನು ಹೇಳಿದಂತೆ ನೆನೆಸಿ ತೆಗೆದೆ. ಬಿಟ್ಟಿತು. ಬಟ್ಟೆಯ ಒಳಮೈ ನೋಡಬಾರದಿತ್ತು, ನೋಡಿದೆ. ಹಳದಿ, ಅದರ ನಡುವೆ ಕಂದು, ಅಂಚಿನಲ್ಲಿ ಕೂದಲು ಅಂಟಿದ ಒಂದು ಲೋಳೆ. ವಾಸನೆ ಮೂಗಿಗೆ ಬರುವುದಿಲ್ಲ, ನೇರವಾಗಿ ನಾಲಗೆಗೆ ಬರುತ್ತದೆ. ಹುಳ ಸಿಕ್ಕವು, ನಾಲ್ಕು. ಎಣ್ಣೆಯ ಹನಿ ಬಿದ್ದ ಕೂಡಲೇ ಅನ್ನದ ಅಗುಳು ಎದ್ದು ನಿಂತಂತೆ ನಿಂತವು. ಕಿರುಚಲಿಲ್ಲ. ಅವತ್ತಿನಿಂದ ಅನ್ನ ಬಿಟ್ಟಿದ್ದೇನೆ, ಬ್ರೆಡ್ಡಿನಲ್ಲಿ ದಿನ ದೂಡುತ್ತಿದ್ದೇನೆ.

ಚೀಟಿಯ ಜೊತೆ ಒಂದು ಚಿಕ್ಕ ಪೊಟ್ಟಣವನ್ನೂ ಕೊಟ್ಟಿದ್ದರು, ನಿನಗೆ ಹೇಳಲು ಮರೆತೆ. ನಿನ್ನೆ ಬಿಚ್ಚಿದೆ. ಒಂದು ಗೆಜ್ಜೆ. ಆ ಹಗ್ಗಕ್ಕೆ ಪೋಣಿಸಿದ್ದಂತೆ, ಕೀವಿನೊಳಗಿಂದ ಡಾಕ್ಟರು ತೆಗೆದದ್ದು. ಹಾಗಾದರೆ ಕಟ್ಟಿದವರು ಹಿಂಸೆಗೆಂದು ಕಟ್ಟಿದವರಲ್ಲ. ಮುದ್ದಿಗೆ ಕಟ್ಟಿದ್ದಾರೆ. ಓಡಿದರೆ ಝಲ್ ಎನ್ನಲಿ ಎಂದು ಕಟ್ಟಿದ್ದಾರೆ, ಆಮೇಲೆ ಬೇಸರವಾಗಿ ಬೀದಿಗೆ ಬಿಟ್ಟಿದ್ದಾರೆ. ಹುಳಕ್ಕಿಂತ ಹೆಚ್ಚು ಹೇಸಿಗೆಯಾದದ್ದು ನನಗೆ ಆ ಗೆಜ್ಜೆಯನ್ನು ಕಂಡು. ಸೋಪು ಹಾಕಿ ತೊಳೆದೆ, ಇನ್ನೂ ವಾಸನೆ ಇದೆ. ಎಸೆಯಲು ಕೈ ಬರುತ್ತಿಲ್ಲ, ಮುಟ್ಟಲೂ ಬರುತ್ತಿಲ್ಲ. ಕಿಟಕಿಯ ಹೊರಗಿನ ಕಟ್ಟೆಯ ಮೇಲಿದೆ.

ನೆಲಕ್ಕೆ ಪ್ರೆಸ್ಸಿನ ಹಳೆಯ ಕರಡು ಹಾಳೆಗಳನ್ನು ಹಾಸಿದ್ದೇನೆ. ಮೂರನೇ ತರಗತಿಯ ಪಠ್ಯದ ‘ದಯೆ’ ಎಂಬ ಪಾಠದ ಮೇಲೆ ಅದು ದಿನಾ ಭೇದಿ ಮಾಡುತ್ತದೆ. ಆ ಪಾಠವನ್ನು ತಿದ್ದಿದವಳೂ ನಾನೇ. ಪ್ರೆಸ್ಸಿನ ಯಜಮಾನರಿಗೆ ಇದನ್ನು ಹೇಳಿದರೆ ನಗುತ್ತಿದ್ದರೋ ಏನೋ, ಹೇಳಲಿಲ್ಲ. ಅವರು ನನ್ನನ್ನು ಕಂಡಾಗಲೆಲ್ಲ ಮೆಷಿನ್ನಿನವರ ಕಡೆ ತಿರುಗಿ, "ನೋಡ್ರಪ್ಪಾ, ಬಾಯಿಲ್ಲದ ಪ್ರಾಣಿಗೆ ನಮ್ಮ ಬಾಯಿಲ್ಲದ ಕರಡಮ್ಮನೇ ತಾಯಿ ಆದ್ರು" ಎನ್ನುತ್ತಾರೆ. ಅವರೆಲ್ಲ ಕೈ ಮುಗಿಯುವ ಹಾಗೆ ನಟಿಸುತ್ತಾರೆ. ನಾನು ಕರಡಿನಲ್ಲಿ ತಲೆ ಹುದುಗಿಸುತ್ತೇನೆ.

ನನ್ನ ಬಗ್ಗೆ ಚಿಂತೆ ಬೇಡ. ಎಲ್ಲ ಅಭ್ಯಾಸವಾಗುತ್ತಿದೆ. ಅದರ ಮೇಲೆ ಪ್ರೀತಿಯೇ ಹುಟ್ಟಿದೆ ಅನ್ನಿಸುತ್ತದೆ.

ನಿನ್ನ ತಂಗಿ


ಜೂನ್ 13

ಪತ್ರ ಬಂತು. ಹುಳ ತೆಗೆದ ರೀತಿ ಸರಿಯಾಗಿದೆ. ಎಣ್ಣೆ ಇನ್ನೂ ಎರಡು ದಿನ ಬಿಡು, ಮೊಟ್ಟೆ ಉಳಿದಿರಬಹುದು.

ಒಂದು ಮಾತು ಕೇಳ್ತೀನಿ. ಎರಡು ವರ್ಷದಿಂದ ಕೇಳಿಲ್ಲ, ಈಗ ಕೇಳ್ತೀನಿ. ಸಕ್ಕರೆ ಕಾಯಿಲೆಯಲ್ಲಿ ಅಪ್ಪನ ಕಾಲು ಕೊಳೀತಾ ಇದ್ದ ಆ ಏಳು ತಿಂಗಳು ನೀನು ಎಲ್ಲಿದ್ದೆ? ಕಾಲೇಜು ಮುಗಿದ ಮೇಲೆ ಲೈಬ್ರರಿ. ಲೈಬ್ರರಿ ಬಾಗಿಲು ಹಾಕಿದ ಮೇಲೆ ಅಡುಗೆಮನೆ. ನೀರಿನ ಚೊಂಬನ್ನ ಅವರ ರೂಮಿನ ಹೊಸಿಲ ಮೇಲಿಟ್ಟು ಓಡಿ ಹೋಗ್ತಿದ್ದೆ. ಮಂಚದಿಂದ ಹೊಸಿಲಿಗೆ ನಾಲ್ಕು ಹೆಜ್ಜೆ, ಅವರಿಗೆ ಅದೂ ಆಗ್ತಿರಲಿಲ್ಲ. "ಒಳಗೆ ಬಾರೇ ಮೂಗಿ" ಅಂದ್ರೆ, "ಇರಲಿ ಅಪ್ಪ, ಆಮೇಲೆ ಬರ್ತೀನಿ." ಆ ನಿನ್ನ ‘ಇರಲಿ’! ಏಳು ತಿಂಗಳು ಆ ಒಂದು ಮಾತಿನಲ್ಲಿ ಕಳೆದೆ. ಅವರು ಹೋದ ದಿನವೂ ನೀನು ಬಾಗಿಲು ದಾಟಿದ್ದು ಸ್ನಾನ ಮಾಡಿಸಿ ಊದುಬತ್ತಿ ಹಚ್ಚಿದ ಮೇಲೆ.

ನಾನು ಒಂದು ಮಾತು ಆಡಲಿಲ್ಲ. ಚಿಕ್ಕವಳು, ಅವಳಿಂದ ಆಗಲ್ಲ, ಕೆಲವರಿಗೆ ಆಗಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಈಗ ನೋಡಿದ್ರೆ ಆಗುತ್ತೆ. ಬೀದಿ ನಾಯಿಗೆ ಆಗುತ್ತೆ. ಪ್ರೀತಿ ಬೇರೆ ಹುಟ್ಟುತ್ತೆ.

ನನಗೆ ಅಸಹ್ಯ ಆಗ್ತಿದೆ ಕಣೇ. ಗಾಯ ಕಂಡಲ್ಲ, ನನಗೆ ಗಾಯ ಹೊಸದಲ್ಲ. ನಿನ್ನ ಪತ್ರ ಕಂಡು.


ಜೂನ್ 16

ಅಕ್ಕಾ,

ನಿನ್ನ ಪತ್ರ ಬಂತು. ಶಾಲೆ ಶುರುವಾಗಿದೆ, ಪಠ್ಯಪುಸ್ತಕದ ಕೆಲಸ ಜೋರಾಗಿದೆ. ಇರಲಿ, ಆಮೇಲೆ ಬರೆಯುತ್ತೇನೆ.


ಜೂನ್ 22

ಅಕ್ಕಾ,

ಹೋದ ಪತ್ರದಲ್ಲಿ ನಾನು ಬರೆದ ಪದ ಯಾವುದೆಂದು ಅಂಚೆಗೆ ಹಾಕಿದ ಮೇಲೆ ಹೊಳೆಯಿತು. ಡಬ್ಬದ ಬಾಯಿಯೊಳಗೆ ಕೈ ತೂರಿಸಲು ನೋಡಿದೆ, ಮಣಿಕಟ್ಟಿನವರೆಗೆ ಮಾತ್ರ ಹೋಯಿತು. ಹಿಂದೆ ಸಾಲಿನಲ್ಲಿದ್ದವರು, "ಏನಮ್ಮಾ, ಉಂಗುರ ಬಿತ್ತಾ?" ಎಂದರು. ಹೂಂ ಎಂದೆ. ನನ್ನ ಬೆರಳಲ್ಲಿ ಎಂದೂ ಉಂಗುರವಿರಲಿಲ್ಲ.

ನನ್ನ ಕಥೆಯೇ ಇಷ್ಟು. ಈ ನಾಯಿಯ ಕಥೆಯೂ ಇಷ್ಟೇ. ನಿನಗೆ ಈಗ ನಿಜ ಹೇಳುತ್ತೇನೆ.

ನಾನು ಆಶ್ರಯಕ್ಕೆ ಹೋದದ್ದು ನಾಯಿ ತರಲು ಅಲ್ಲ. ಪ್ರೆಸ್ಸಿನಲ್ಲಿ ಹಳೆಯ ಕರಡು ರಾಶಿ ಬಿದ್ದಿತ್ತು. ಗೂಡುಗಳಿಗೆ ಹಾಸಲು ಅಲ್ಲಿ ಹಳೆಯ ಪೇಪರ್ ತೆಗೆದುಕೊಳ್ಳುತ್ತಾರೆ ಎಂದು ಯಾರೋ ಹೇಳಿದರು. ಒಂದು ಕಟ್ಟು ಹೊತ್ತುಕೊಂಡು ಹೋದೆ. ಕೌಂಟರಿನ ಮೇಡಂ ತಲೆಯೆತ್ತಿ, "ಬಂದ್ರಾ! ನಿಮ್ಮನ್ನೇ ಕಾಯ್ತಾ ಇದ್ವಿ. ನಲವತ್ತೊಂದಕ್ಕೆ ಫೋನ್ ಮಾಡಿದ್ದು ನೀವೇ ತಾನೆ?" ಎಂದರು.

ನಾನು "ಪೇಪರ್" ಎಂದೆ.

"ಪೇಪರ್ ಎಲ್ಲಾ ರೆಡಿ ಇದೆ, ಸೈನ್ ಹಾಕಿದ್ರೆ ಆಯ್ತು" ಎಂದು ಫಾರಂ ಮುಂದೆ ತಳ್ಳಿದರು.

"ಅಲ್ಲ, ಇದು..." ಎಂದು ಕಟ್ಟನ್ನು ತೋರಿಸಿದೆ.

"ಅಯ್ಯೋ, ಮರಿಗೆ ಹಾಸೋಕೆ ಪೇಪರೂ ತಂದುಬಿಟ್ಟಿದ್ದೀರಾ! ನೋಡಿ ಡಾಕ್ಟ್ರೇ, ಎಷ್ಟು ಮುಂದಾಲೋಚನೆ!" ಎಂದು ಒಳಗೆ ಕೂಗಿ ಹೇಳಿದರು. ಡಾಕ್ಟರು ಬಂದರು. ಅವರ ಹಿಂದೆ ಕಾಂಪೌಂಡರು ಬಂದರು. ಮೂವರೂ ನನ್ನನ್ನು ನೋಡಿದ ನೋಟ ನಿನಗೆ ಹೇಗೆ ವಿವರಿಸಲಿ? ನನ್ನನ್ನು ಯಾರೂ ಹಾಗೆ ನೋಡಿದವರಲ್ಲ. ದಿನಕ್ಕೆ ನೂರು ತಪ್ಪು ಹಿಡಿದು ಅಂಚಿನಲ್ಲಿ ಗುರುತು ಹಾಕುವವಳು ನಾನು. ಎದುರಿಗೆ ನಿಂತು ಆಡುವವರ ಒಂದು ತಪ್ಪನ್ನು ತಿದ್ದಲು ಬಾಯಿ ಬರಲಿಲ್ಲ. "ಇರಲಿ" ಎಂದೆ. ಅವರು ಅದನ್ನು ‘ನಾಯಿ ಇರಲಿ’ ಎಂದುಕೊಂಡರು. ಸೈನು ಹಾಕಿದೆ. ಐದು ನಿಮಿಷದಲ್ಲಿ ಆ ವಾಸನೆ ನನ್ನ ಮಡಿಲಲ್ಲಿತ್ತು.

ಆದ್ದರಿಂದ ಪ್ರೀತಿ ಹುಟ್ಟಿದೆ ಎಂದದ್ದು ಸುಳ್ಳು. ನೀನು ನನ್ನನ್ನು ಕೆಟ್ಟವಳೆಂದುಕೊಳ್ಳಬಾರದೆಂದು ಬರೆದೆ, ನೀನು ಅದಕ್ಕೇ ಕೆಟ್ಟವಳೆಂದುಕೊಂಡೆ. ನನಗೆ ಅದನ್ನು ಕಂಡರೆ ಹೇಸಿಗೆ. ಹತ್ತಿರ ಬಂದರೆ ಮೈ ಮುದುಡುತ್ತದೆ. ಅದು ನನ್ನ ಚಪ್ಪಲಿ ನೆಕ್ಕಿದ ಮೇಲೆ ಆ ಚಪ್ಪಲಿ ತೊಳೆಯುತ್ತೇನೆ, ತೊಳೆದ ಕೈ ತೊಳೆಯುತ್ತೇನೆ. ಕೈಯ ಚರ್ಮ ಬಿರಿದಿದೆ. ಗಾಯ ತೊಳೆಯುವ ಮೊದಲು ಸ್ನಾನದ ಮನೆಯಲ್ಲಿ ನಿಂತು ಇಪ್ಪತ್ತರವರೆಗೆ ಎಣಿಸಿ ಹೊರಗೆ ಬರುತ್ತೇನೆ, ನಡುವೆ ಎರಡು ಸಲ ಕಿಟಕಿಗೆ ಓಡುತ್ತೇನೆ. ಪ್ರೆಸ್ಸಿನಲ್ಲಿ ಹೊಗಳಿದಾಗಲೆಲ್ಲ ಬಾಯಲ್ಲಿ ಅದೇ ರುಚಿ ಬರುತ್ತದೆ. ಅದು ನನ್ನನ್ನು ನಂಬಿದೆಯಲ್ಲ, ಅದಂತೂ ಎಲ್ಲಕ್ಕಿಂತ ಅಸಹ್ಯ. ಬ್ಯಾಂಡೇಜಿನ ಪೆಟ್ಟಿಗೆ ತೆಗೆದ ಸದ್ದಿಗೆ ತಾನಾಗಿ ಬಂದು ಕುತ್ತಿಗೆ ಚಾಚಿ ಕೂರುತ್ತದೆ.

ಅಪ್ಪನ ವಿಷಯ. ನೀನು ಬರೆದದ್ದರಲ್ಲಿ ತಿದ್ದುವಂಥದ್ದು ಒಂದೂ ಇಲ್ಲ. ಒಂದು ಸೇರಿಸುತ್ತೇನೆ. ಒಮ್ಮೆ ನಾನು ಬಾಗಿಲ ಸಂದಿಯಿಂದ ನೋಡಿದೆ. ನೀನು ಮಂಚದ ಅಂಚಿನಲ್ಲಿ ಕೂತು ಅವರ ಕಾಲನ್ನು ನಿನ್ನ ತೊಡೆಯ ಮೇಲಿಟ್ಟುಕೊಂಡಿದ್ದೆ. ನಿನ್ನ ಮುಖ ಒಂದಿಷ್ಟೂ ಕಿವುಚಿರಲಿಲ್ಲ. ಇಸ್ತ್ರಿ ಮಾಡುವವರ ಮುಖದಷ್ಟು ಸಪಾಟಾಗಿತ್ತು. ಅವತ್ತೇ ನನಗೆ ತೀರ್ಮಾನವಾಯಿತು, ಇದು ಹುಟ್ಟಿನಿಂದ ಬರುವಂಥದ್ದು, ನಿನಗೆ ಬಂದಿದೆ, ನನಗಿಲ್ಲ. ಇಲ್ಲದ್ದನ್ನು ಎಲ್ಲಿಂದ ತರಲಿ ಎಂದು ಲೈಬ್ರರಿಗೆ ಹೋದೆ.

ನೀನು ನಕ್ಕರೂ ಒಂದು ವಿಷಯ ಹೇಳುತ್ತೇನೆ. ಕರಡು ತಿದ್ದುವಾಗ ಒಂದು ಪದವನ್ನು ತಪ್ಪಾಗಿ ಹೊಡೆದುಹಾಕಿದರೆ ಅದನ್ನು ಉಳಿಸಲು ಒಂದು ಗುರುತಿದೆ. ಹೊಡೆದ ಪದದ ಕೆಳಗೆ ಸಾಲಾಗಿ ಚುಕ್ಕೆ ಇಟ್ಟು, ಅಂಚಿನಲ್ಲಿ ‘ಇರಲಿ’ ಎಂದು ಬರೆಯುತ್ತೇವೆ. ಅಚ್ಚಿಗೆ ಅಕ್ಷರ ಜೋಡಿಸುವವರು ಅದನ್ನು ಕಂಡರೆ ಆ ಪದವನ್ನು ಮುಟ್ಟುವುದಿಲ್ಲ. ಕಾಗದದ ಮೇಲೆ ನನ್ನ ‘ಇರಲಿ’ಗೆ ಉಳಿಸುವ ಅರ್ಥ. ಬಾಯಲ್ಲಿ ಮಾತ್ರ ಅದು ತಪ್ಪಿಸಿಕೊಳ್ಳುವ ಮಾತಾಗಿಬಿಟ್ಟಿದೆ.

ಜುಲೈ ಎರಡಕ್ಕೆ ಅದನ್ನು ವಾಪಸು ಕೊಟ್ಟುಬಿಡುತ್ತೇನೆ. ನಿಜವಾಗಿ ಫೋನು ಮಾಡಿದ್ದ ಆ ಹೆಂಗಸು, ಅದನ್ನು ಬಯಸಿದವಳು, ಎಲ್ಲಾದರೂ ಇನ್ನೂ ಕಾಯುತ್ತಿರಬಹುದು.

ನಿನ್ನ ತಂಗಿ


ಜೂನ್ 27

ಮೂಗಿ,

ಪತ್ರವನ್ನ ಎರಡು ದಿನ ಏಪ್ರನ್ ಜೇಬಲ್ಲಿಟ್ಟುಕೊಂಡು ಓಡಾಡಿದೆ. ಇವತ್ತು ರಜ ಹಾಕಿ ಕೂತು ಬರೀತಿದೀನಿ. ತಲೆನೋವು ಅಂತ ಹೇಳಿದೆ. ಸುಳ್ಳು ಹೇಳೋದು ನಿನಗೊಬ್ಬಳಿಗೇ ಬರುತ್ತೆ ಅಂದ್ಕೊಳ್ಳಬೇಡ.

ಇಸ್ತ್ರಿ ಮಾಡೋರ ಮುಖ ಅಂದ್ಯಲ್ಲ. ಆ ಮುಖದಲ್ಲಿ ಮೂಗಿನ ಕೆಳಗೆ ಏನಿತ್ತು ಅಂತ ಬಾಗಿಲ ಸಂದಿಯಿಂದ ಕಾಣಲಿಲ್ಲ ಅಂತ ಕಾಣುತ್ತೆ. ತಲೆನೋವಿನ ಮುಲಾಮು. ಹಸಿರು ಮುಚ್ಚಳದ್ದು. ರೂಮಿಗೆ ಹೋಗೋ ಮೊದಲು ಹಿತ್ತಿಲ ಬಾಗಿಲಲ್ಲಿ ನಿಂತು, ಎರಡು ಹೊಳ್ಳೆಗೂ ಉರಿಯೋ ಹಾಗೆ ತುಂಬಿಕೊಂಡು ಹೋಗ್ತಿದ್ದೆ. ಬಂದ ಮೇಲೆ ಅದೇ ಹಿತ್ತಿಲಲ್ಲಿ ವಾಂತಿ. ಏಳು ತಿಂಗಳೂ. ನಿನಗೆ ಗೊತ್ತಾಗಬಾರದು ಅಂತ ನಲ್ಲಿ ಬಿಟ್ಟು ವಾಂತಿ ಮಾಡ್ತಿದ್ದೆ. ನೀರು ಪೋಲು ಮಾಡ್ತೀಯ ಅಂತ ನೀನೊಂದು ಸಲ ಬೈದಿದ್ದೆ, ನೆನಪಿದೆಯಾ?

ಇನ್ನೊಂದಿದೆ. ಇದನ್ನ ಯಾರಿಗೂ ಹೇಳಿಲ್ಲ.

ಐದನೇ ತಿಂಗಳಲ್ಲಿ ಒಂದು ಸಲ ಎರಡು ದಿನ ನಾನು ಗಾಯ ಬಿಚ್ಚಲಿಲ್ಲ. ಆಗಲಿಲ್ಲ. ರೂಮಿನ ಹೊಸಿಲಿಗೆ ಹೋದ್ರೆ ಕಾಲು ಮುಂದಕ್ಕೆ ಬರ್ತಿರಲಿಲ್ಲ. "ಇನ್ಮೇಲೆ ಎರಡು ದಿನಕ್ಕೊಂದು ಸಲ ಬಿಚ್ಚಿದ್ರೆ ಸಾಕು ಅಂತ ಡಾಕ್ಟ್ರು ಹೇಳಿದ್ದಾರೆ" ಅಂತ ಅಪ್ಪನಿಗೆ ಹೇಳಿದೆ. ಡಾಕ್ಟರು ಹೇಳಿರಲಿಲ್ಲ. ಮೂರನೇ ದಿನ ಬಿಚ್ಚಿದಾಗ ಹುಳ ಇತ್ತು. ನೀನು ನಾಲ್ಕು ಅಂತ ಬರೆದೆಯಲ್ಲ, ನಾನು ಎಣಿಸಲಿಲ್ಲ.

ಅಪ್ಪ ಸೂರಿನ ಕಡೆ ನೋಡ್ತಾ ಮಲಗಿದ್ರು. "ಹುಳ ಬಿದ್ದಿದೆಯಾ?" ಅಂದ್ರು. ಇಲ್ಲ ಅಂದೆ. "ನಿನಗೂ ಅಸಹ್ಯ ಆಗುತ್ತೆ ಅಂತ ನನಗೆ ಗೊತ್ತು ಮಗಳೇ" ಅಂದ್ರು. ನಾನು ಛೆ ಛೆ, ಹಾಗೆಲ್ಲ ಏನಿಲ್ಲ ಅಂದೆ. ಅದಕ್ಕೆ ಅವರು ಹೇಳಿದ್ದು: "ಅವಳು ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಳ್ತಾಳೆ. ನೀನು ಒಳಗೆ ಬಂದು ಉಸಿರು ಕಟ್ಟಿಕೊಳ್ತೀಯ. ನನಗೆ ಎರಡೂ ಒಂದೇ ಕಣೇ. ಯಾರಾದರೂ ಒಬ್ಬರು ಇಲ್ಲಿ ಕೂತು, ಥೂ, ಎಷ್ಟು ಗಬ್ಬು ನಾರ್ತೀಯೋ ಮುದುಕಾ ಅಂತ ಬೈದಿದ್ರೆ ಸಮಾಧಾನ ಆಗ್ತಿತ್ತು."

ನಾನು ಬೈಯಲಿಲ್ಲ. ನಗುನಗುತ್ತಾ ಪಟ್ಟಿ ಸುತ್ತಿದೆ.

ಅವರು ಹೋದ ಮೇಲೆ ಬಂದವರೆಲ್ಲ, "ಇವಳ ಕೈಗುಣ ಏನು ಕೈಗುಣ, ಇವಳಿರೋದಕ್ಕೆ ಇಷ್ಟು ದಿನ ಬದುಕಿದ್ರು" ಅಂದ್ರು. ನೀನು ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದೆ. ನಾನು ಆ ಹೊಗಳಿಕೆ ತಗೊಂಡೆ. ತಗೊಂಡು ಎರಡು ವರ್ಷ ನಿನ್ನ ಮೇಲೆ ಸಿಟ್ಟು ಇಟ್ಟುಕೊಂಡೆ, ಯಾಕೆಂದ್ರೆ ನೀನು ಮೂಗು ಮುಚ್ಚಿಕೊಂಡಿದ್ದು ಎಲ್ಲರಿಗೂ ಕಾಣ್ತಿತ್ತು, ನನ್ನದು ಕಾಣ್ತಿರಲಿಲ್ಲ. ಹೋದ ಸಲ ನಿನ್ನ ಪತ್ರ ಕಂಡು ಅಸಹ್ಯ ಆಯ್ತು ಅಂತ ಬರೆದೆನಲ್ಲ, ಯಾರ ಮೇಲೆ ಅಂತ ಈಗ ನೀನೇ ತಿದ್ದಿಕೊ. ಅದು ನಿನ್ನ ಕೆಲಸ ತಾನೆ.

ಹುಟ್ಟಿನಿಂದ ಯಾರಿಗೂ ಬರಲ್ಲ ಕಣೇ. ಡ್ರೆಸ್ಸಿಂಗ್ ರೂಮಲ್ಲಿ ಹನ್ನೊಂದು ವರ್ಷ ಆಯ್ತು. ಈಗಲೂ ಸೋಮವಾರ ಮೊದಲನೇ ಗಾಯಕ್ಕೆ ಹೊಟ್ಟೆ ತೊಳೆಸುತ್ತೆ.

ನಾಯಿ ವಾಪಸು ಕೊಡು. ನಿನ್ನನ್ನ ಯಾರೂ ಏನೂ ಅನ್ನಲ್ಲ. ಬಾಯಿ ಬಿಟ್ಟು ಹೇಳಿ ಕೊಡು ಅಷ್ಟೆ, ಇಲ್ಲದಿದ್ರೆ ನಾಳೆ ಕುದುರೆ ತಂದಿದ್ದೀನಿ ಅಂತ ಬರೀತೀಯ.

ಅಕ್ಕ

ಜುಲೈ ಎರಡನೇ ವಾರ ನಾಲ್ಕು ದಿನ ರಜ ಇದೆ. ಬರಬಹುದಾ ಅಂತ ಕೇಳ್ತಿದೀನಿ.


ಜುಲೈ 3

ಅಕ್ಕಾ,

ನಿನ್ನ ಪತ್ರವನ್ನು ನಾನೂ ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ.

ನಿನ್ನೆ ಹತ್ತು ಗಂಟೆಗೆ ಆಶ್ರಯದ ಕೌಂಟರಿನಲ್ಲಿದ್ದೆ. ಮರಿ ಬುಟ್ಟಿಯಲ್ಲಿತ್ತು. ದಾರಿಯುದ್ದಕ್ಕೂ ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ಮೇಡಂ ನಕ್ಕು ಫಾರಂ ಕೊಟ್ಟರು. ಅದರಲ್ಲಿ ಎರಡು ಪದ: ಇಟ್ಟುಕೊಳ್ಳುತ್ತೇನೆ, ಹಿಂದಿರುಗಿಸುತ್ತೇನೆ. ಬೇಡವಾದುದನ್ನು ಹೊಡೆದುಹಾಕಿ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ನಾನು ‘ಇಟ್ಟುಕೊಳ್ಳುತ್ತೇನೆ’ಯನ್ನು ಹೊಡೆದುಹಾಕಿದೆ. ಅದು ನಾನು ದಿನಾ ಮಾಡುವ ಕೆಲಸ. ಮೇಡಂ ಅದನ್ನು ನೋಡುವ ಮೊದಲೇ ಒಳಗಿನಿಂದ ಕಾಂಪೌಂಡರು ಬಂದು, "ಮೊದಲು ಗಾಯ ನೋಡೋಣ" ಎಂದು ಬುಟ್ಟಿಯನ್ನು ಎತ್ತಿಕೊಂಡು ಹೋದರು. ನಾನೂ ಹಿಂದೆ ಹೋದೆ.

ತಗಡಿನ ಮೇಜು. ಅದರ ಮೇಲೆ ಹಿಂದಿನ ನಾಯಿಯ ಉಚ್ಚೆ ಒರೆಸದೆ ಹಾಗೇ ಇತ್ತು. ಮರಿಯನ್ನು ಅದರೊಳಗೇ ಇಟ್ಟರು. ಮರಿ ಅಭ್ಯಾಸಬಲದಿಂದ ಕುತ್ತಿಗೆ ಚಾಚಿತು. ಕಾಂಪೌಂಡರು ಬ್ಯಾಂಡೇಜಿನ ತುದಿ ಹಿಡಿದು ಜಗ್ಗಿದರು.

"ಎಳೀಬೇಡಿ!"

ಅಕ್ಕಾ, ಅದು ನನ್ನ ದನಿ ಎಂದು ನನಗೆ ತಿಳಿಯಲು ಒಂದು ಕ್ಷಣ ಹಿಡಿಯಿತು.

"ಏನಮ್ಮಾ?"

"ನೆನೆಸಿ ತೆಗೀರಿ. ಎಳೆದ್ರೆ ಚರ್ಮ ಕಿತ್ತು ಬರುತ್ತೆ."

"ನಲವತ್ತು ನಾಯಿ ಇದಾವೆ ಇಲ್ಲಿ. ಒಂದೊಂದನ್ನೂ ನೆನೆಸಿಕೊಂಡು ಕೂತ್ರೆ ನಾನು ಇಲ್ಲೇ ನೆನೆಗುದಿಗೆ ಬೀಳ್ತೀನಿ."

"ಹಂಗಾದ್ರೆ ನೀವು ಬಿಡಿ. ನಾನು ತೆಗೀತೀನಿ."

ಅವರು ಕೈ ಎತ್ತಿ ಪಕ್ಕಕ್ಕೆ ಸರಿದರು. ಸೋರುವ ಸಿಂಕಿನ ಪಕ್ಕ ಉಪ್ಪು ನೀರಿನ ಬಾಟಲಿ ಇತ್ತು. ಹತ್ತಿಯಲ್ಲಿ ಅದ್ದಿ ಹಿಂಡಿದೆ. ಹತ್ತು ನಿಮಿಷ ಗಡಿಯಾರ ನೋಡುತ್ತಾ ನಿಂತೆ. ಆ ಮೇಜು, ಆ ವಾಸನೆ, ನನ್ನ ಅಂಗೈಯಲ್ಲಿ ಅದರ ಗಂಟಲಿನ ಬಿಸಿ. ಅಪ್ಪ ಹೇಳಿದ್ದು ನೆನಪಾಯಿತು. ಸುತ್ತ ಯಾರಿದ್ದಾರೆ ಎಂದೂ ನೋಡದೆ, "ಥೂ, ಎಷ್ಟು ಗಬ್ಬು ನಾರ್ತೀಯೇ, ನಿನ್ನ ಮುಸುಡಿಗಿಷ್ಟು!" ಎಂದು ಬೈದೆ. ಅದು ಬಾಲ ಅಲ್ಲಾಡಿಸಿತು. ಮತ್ತೆ ಬೈದೆ. ಇನ್ನೂ ಜೋರಾಗಿ ಅಲ್ಲಾಡಿಸಿತು, ಉಚ್ಚೆಯೆಲ್ಲ ನನ್ನ ಬಟ್ಟೆಗೆ ಸಿಡಿಯಿತು. ಅಷ್ಟರಲ್ಲಿ ಬ್ಯಾಂಡೇಜು ತಾನಾಗಿ ಬಿಟ್ಟಿತು. ಒಳಗೆ ಕೆಂಪಗಿತ್ತು, ಎಲ್ಲ ಕಡೆಯೂ.

ಹೊಸದು ಸುತ್ತಿ, ಅದನ್ನು ನೆಲಕ್ಕಿಳಿಸಿ, ಹೊರಗಿನ ಚರಂಡಿಯ ಹತ್ತಿರ ಹೋಗಿ ವಾಂತಿ ಮಾಡಿದೆ. ನಲ್ಲಿ ಬಿಡಲಿಲ್ಲ. ಅದು ನನ್ನ ಹಿಂದೆಯೇ ಬಂದು ಆ ವಾಂತಿಯನ್ನು ನೆಕ್ಕಿತು. ಆಮೇಲೆ ನನ್ನ ಕೈ ನೆಕ್ಕಿತು. ಇದಕ್ಕಿಂತ ಹೇಸಿಗೆಯದು ನನ್ನ ಬದುಕಿನಲ್ಲಿ ಇನ್ನೊಂದು ನಡೆದಿಲ್ಲ. ಕೈ ಹಿಂದಕ್ಕೆ ಎಳೆದುಕೊಳ್ಳಬೇಕೆನಿಸಿತು. ಎಳೆದುಕೊಳ್ಳಲಿಲ್ಲ. ಅದು ಮುಗಿಸುವವರೆಗೆ ಮುಖ ಆಚೆ ತಿರುಗಿಸಿಕೊಂಡು ನಿಂತಿದ್ದೆ.

ಕೌಂಟರಿಗೆ ವಾಪಸು ಬಂದೆ. "ಒಂದು ತಪ್ಪಾಗಿದೆ. ಫೋನ್ ಮಾಡಿದ್ದು ನಾನಲ್ಲ. ನಾನು ಅವತ್ತು ಹಳೆ ಪೇಪರ್ ಕೊಡೋಕೆ ಬಂದಿದ್ದೆ" ಎಂದೆ. ಪೂರ್ತಿ ವಾಕ್ಯ, ಕೊನೆಯ ಚುಕ್ಕೆಯವರೆಗೆ.

ಮೇಡಂ, "ಗೊತ್ತಮ್ಮಾ" ಎಂದರು. "ಆಯಮ್ಮ ಮಾರನೇ ದಿನಾನೇ ಬಂದಿದ್ರು. ಗಾಯದ ಫೋಟೊ ತೋರಿಸಿದ ತಕ್ಷಣ ಕರ್ಚೀಫು ಮೂಗಿಗೆ ಇಟ್ಕೊಂಡು, ಬಿಳೀದು ಯಾವುದಾದರೂ ಇದ್ರೆ ತೋರಿಸಿ ಅಂದ್ರು. ನಿಮ್ಮ ಮುಖ ನೋಡಿ ನೀವೂ ವಾರದೊಳಗೆ ತಂದು ಬಿಡ್ತೀರ ಅಂದ್ಕೊಂಡು ನಲವತ್ತೊಂದನೇ ಗೂಡಿಗೆ ಬೇರೆ ನಾಯಿ ಹಾಕಲಿಲ್ಲ."

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ನೀವೂ ಹೇಳಲಿಲ್ವಲ್ಲ!"

ಅವರ ಮೇಲೂ ಹೇಸಿಗೆಯಾಯಿತು. ಆದರೆ ಅವರು ಹೇಳಿದ್ದರಲ್ಲಿ ತಪ್ಪು ಸಿಗಲಿಲ್ಲ.

ಫಾರಂ ಹತ್ತಿರಕ್ಕೆ ಎಳೆದುಕೊಂಡೆ. ಹೊಡೆದುಹಾಕಿದ್ದ ‘ಇಟ್ಟುಕೊಳ್ಳುತ್ತೇನೆ’ಯ ಕೆಳಗೆ ಸಾಲಾಗಿ ಚುಕ್ಕೆ ಇಟ್ಟೆ. ‘ಹಿಂದಿರುಗಿಸುತ್ತೇನೆ’ಯನ್ನು ಹೊಡೆದೆ. ಅಂಚಿನಲ್ಲಿ ಬರೆದೆ.

ಮೇಡಂ ಕನ್ನಡಕ ಏರಿಸಿ ನೋಡಿದರು. "ಏನಮ್ಮಾ ಇದು ಚುಕ್ಕೆ? ಫಾರಮ್ಮಿಗೂ ಹುಳ ಬಿದ್ದಂಗಿದೆ."

"ಇರಲಿ ಅಂತ."

"ಏನು ಇರಲಿ? ಫಾರಮ್ಮಾ, ನಾಯೀನಾ? ಸರಿಯಾಗಿ ಬಾಯಿ ಬಿಟ್ಟು ಹೇಳಿ."

"ನಾಯಿ" ಎಂದೆ. "ನಾಯಿ ಇರಲಿ."

ಅದನ್ನು ಕಂಡರೆ ನನಗೆ ಇವತ್ತೂ ಹೇಸಿಗೆಯೇ. ಈ ಪತ್ರ ಬರೆಯುತ್ತಿರುವಾಗ ಅದು ‘ದಯೆ’ಯ ಮೇಲೆ ಮಲಗಿ ಏನನ್ನೋ ಕೆರೆದುಕೊಳ್ಳುತ್ತಿದೆ, ಏನನ್ನು ಎಂದು ನೋಡಲು ನಾನು ಸಿದ್ಧಳಿಲ್ಲ. ಗೆಜ್ಜೆಯನ್ನು ಬೆಳಿಗ್ಗೆ ಕಸದ ಗಾಡಿಗೆ ಹಾಕಿದೆ.

ಬರಬಹುದಾ ಎಂದು ನನ್ನನ್ನು ಕೇಳುತ್ತೀಯಾ? ಬಾ. ಸಂಜೆಯ ಗಾಯಕ್ಕೆ ಸರಿಯಾಗಿ ಬಾ. ಬರುವಾಗ ಆ ಹಸಿರು ಮುಚ್ಚಳದ ಮುಲಾಮು ತೆಗೆದುಕೊಂಡು ಬಾ. ದೊಡ್ಡ ಡಬ್ಬಿ ತಾ, ಇಬ್ಬರಿಗೂ ಸಾಲಬೇಕು.

ಮೂಗಿ